ತುಂಬಿದ ಪಾತ್ರೆಯ ಮೌನ

ಗಣಕದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಆವಿಷ್ಕಾರಗಳ ಚರಿತ್ರೆಯೆಂದೇ ಓದುತ್ತೇವೆ. ದುರಸ್ತಿಗಳಿಗೆ ಅದರಲ್ಲಿ ಅಧ್ಯಾಯವಿಲ್ಲ. ಆದರೆ ಒಂದು ಪಾತ್ರೆಯ ಅಳತೆಯನ್ನು ಸರಿಯಾಗಿ ಕೇಳುವುದನ್ನು ಕಲಿಯಲು ಜಾಣರಾದ ಜನರಿಗೂ ಸುಮಾರು ಎರಡು ದಶಕಗಳು ಹಿಡಿದವು. ಆ ಕಥೆ ಕೇವಲ ತಂತ್ರಜ್ಞರಿಗೆ ಸೇರಿದ್ದಲ್ಲ.

1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿ ಹೊರಬಂದಿತು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ದಾರ್ಪಾದ ನೆರವಿನಿಂದ ಸಿದ್ಧವಾದ ಇದರಲ್ಲಿ ಇಂದಿನ ಅಂತರಜಾಲದ ಬುನಾದಿಯಾದ ಟಿಸಿಪಿ-ಐಪಿ ಅಡಕವಾಗಿತ್ತು. ಜಾಲದ ಜೋಡಣೆಗಳನ್ನು ಹೊಂದಿಸಲು ‘ಇಫ್‌ಕಾನ್ಫಿಗ್’ ಎಂಬ ಸಾಧನವೂ ಇದರೊಡನೆ ಬಂದಿತು. ಗಣಕದಲ್ಲಿರುವ ಎಲ್ಲ ಇಂಟರ್‌ಫೇಸ್‌ಗಳ ಪಟ್ಟಿ ಬೇಕೆಂದು ಕರ್ನಲ್ಲನ್ನು ಕೇಳಲು ಒಂದು ಕರೆಯಿತ್ತು. ಕೇಳುವ ಪ್ರೋಗ್ರಾಂ ಒಂದು ಖಾಲಿ ಬಫರನ್ನು ಒಡ್ಡಬೇಕು. ಕರ್ನಲ್ ಅದರಲ್ಲಿ ಪಟ್ಟಿಯನ್ನು ತುಂಬಿ, ಎಷ್ಟು ಬೈಟು ತುಂಬಿದೆನೆಂದು ಹೇಳುತ್ತದೆ.

ಪಾತ್ರೆ ಚಿಕ್ಕದಾದರೆ? ಕರ್ನಲ್ ಹಿಡಿದಷ್ಟನ್ನು ತುಂಬಿ, ಮಿಕ್ಕದ್ದನ್ನು ಕೈಬಿಟ್ಟು, ‘ಕೆಲಸವಾಯಿತು’ ಎನ್ನುತ್ತಿತ್ತು. ದೋಷದ ಸೂಚನೆಯೇ ಇಲ್ಲ. ಒಂದು ನಮೂದಿಗೆ 32 ಬೈಟು ಎಂದರೆ 1024 ಬೈಟುಗಳ ಬಫರಿನಲ್ಲಿ 32 ನಮೂದುಗಳು ಹಿಡಿಯುತ್ತವೆ. ಮೂವತ್ತಮೂರನೆಯದು ಇದ್ದೂ ಇಲ್ಲದಂತೆ. ಅಂದಿನ ಗಣಕಗಳಲ್ಲಿ ಸಾಮಾನ್ಯವಾಗಿ ಒಂದೆರಡು ಇಂಟರ್‌ಫೇಸ್‌ಗಳಿದ್ದುದರಿಂದ ಇದು ಯಾರಿಗೂ ಕೊರತೆಯಾಗಿ ಕಾಣಲಿಲ್ಲ.

ಪಾತ್ರೆಯ ಅಳತೆ ಮರೆತರೆ ಆಗುವ ಇನ್ನೊಂದು ಬಗೆಯ ಅನಾಹುತವನ್ನು ಜಗತ್ತು 1988ರ ನವೆಂಬರ್ 2ರಂದು ಕಂಡಿತು. ಮಾರಿಸ್ ವರ್ಮ್ ಎಂದು ಹೆಸರಾದ ಪ್ರೋಗ್ರಾಂ, ಫಿಂಗರ್ ಸೇವೆಯ 512 ಬೈಟಿನ ಬಫರಿಗೆ 536 ಬೈಟು ಸುರಿದು ಗಣಕಗಳೊಳಗೆ ನುಗ್ಗಿತು. ಉಕ್ಕಿ ಹರಿದದ್ದು ಎಲ್ಲರ ಕಣ್ಣಿಗೂ ಬಿದ್ದಿತು. ಅಳತೆಯನ್ನೇ ನೋಡದೆ ಓದಿಕೊಳ್ಳುವ ‘ಗೆಟ್ಸ್’ ಎಂಬ ಆ ಫಂಕ್ಷನ್ ಕೊನೆಗೆ 2011ರ ಸಿ ಭಾಷೆಯ ಮಾನಕದಿಂದಲೇ ಹೊರಬಿದ್ದಿತು. ನಮ್ಮ ಕಥೆಯ ದೋಷ ಉಕ್ಕಲಿಲ್ಲ, ಸದ್ದು ಮಾಡಲಿಲ್ಲ, ಆದ್ದರಿಂದಲೇ ಉಳಿದುಕೊಂಡಿತು.

ತೊಂಬತ್ತರ ದಶಕದಲ್ಲಿ ಕಾಲ ಬದಲಾಯಿತು. ದೂರವಾಣಿ ತಂತಿಯ ಮೂಲಕ ಬರುವ ಪ್ರತಿ ಸಂಪರ್ಕಕ್ಕೂ ಒಂದೊಂದು ಇಂಟರ್‌ಫೇಸ್ ಬೇಕಾಯಿತು. ಆರಂಭದ ವೆಬ್‌ನಲ್ಲಿ ಒಂದೇ ಗಣಕ ಹಲವು ತಾಣಗಳಿಗೆ ಆಶ್ರಯ ಕೊಡಬೇಕಾದರೆ ಪ್ರತಿ ತಾಣಕ್ಕೂ ಪ್ರತ್ಯೇಕ ವಿಳಾಸ ಕೊಡಬೇಕಿತ್ತು. ಪಟ್ಟಿಗಳು ಬೆಳೆದವು, ಬಫರುಗಳು ಬೆಳೆಯಲಿಲ್ಲ. ವಿಳಾಸ ಇದೆ, ಕೆಲಸವನ್ನೂ ಮಾಡುತ್ತಿದೆ; ಆದರೆ ಸಾಧನದ ಲೆಕ್ಕದಲ್ಲಿ ಅದಿಲ್ಲ.

ದುರಸ್ತಿ ಹಂತಹಂತವಾಗಿ ನಡೆಯಿತು. ಬಫರನ್ನು ಹಿಗ್ಗಿಸುವುದು ಮೊದಲ ಉಪಾಯ; ಅದು ತೊಂದರೆಯನ್ನು ಮುಂದೂಡುತ್ತದೆಯೇ ಹೊರತು ನೀಗಿಸುವುದಿಲ್ಲ. ಜಾಲ ಪ್ರೋಗ್ರಾಮಿಂಗಿನ ಮಹಾ ಅಧ್ಯಾಪಕ ರಿಚರ್ಡ್ ಸ್ಟೀವನ್ಸ್ 1998ರ ತಮ್ಮ ಪರಿಷ್ಕೃತ ಗ್ರಂಥದಲ್ಲಿ ತೋರಿಸಿದ ದಾರಿ ಹೆಚ್ಚು ಗಟ್ಟಿಯಾದದ್ದು: ಉತ್ತರ ಬಂದ ಮೇಲೂ ನಂಬಬೇಡಿ; ಬಫರನ್ನು ದೊಡ್ಡದು ಮಾಡಿ ಮತ್ತೆ ಕೇಳಿ; ಎರಡು ಬಾರಿಯೂ ಉದ್ದ ಒಂದೇ ಆಗಿದ್ದರೆ ಮಾತ್ರ ಪಟ್ಟಿ ಪೂರ್ಣವೆಂದು ತಿಳಿಯಿರಿ. ಲಿನಕ್ಸಿನಲ್ಲಿ ಬಫರನ್ನೇ ಕೊಡದೆ ಕೇಳಿದರೆ ಎಷ್ಟು ಜಾಗ ಬೇಕೆಂದು ಕರ್ನಲ್ ಮೊದಲೇ ಹೇಳುವ ಏರ್ಪಾಡು ಬಂದಿತು. ಬಿಎಸ್‌ಡಿ ಪರಂಪರೆಯಲ್ಲಿ ಹುಟ್ಟಿದ ‘ಗೆಟ್‌ಇಫ್‌ಆ್ಯಡರ್ಸ್’ ಎಂಬ ಫಂಕ್ಷನ್ ಪಾತ್ರೆಯ ಹೊಣೆಯನ್ನು ಕೇಳುವವನ ತಲೆಯಿಂದ ಇಳಿಸಿ ಲೈಬ್ರರಿಗೇ ವಹಿಸಿತು. 2002ರಲ್ಲಿ ಗ್ಲಿಬ್‌ಸಿಯ 2.3ನೇ ಆವೃತ್ತಿಯೊಡನೆ ಅದು ಲಿನಕ್ಸಿಗೂ ಬಂದಿತು.

ಇಲ್ಲಿನ ತಿದ್ದುಪಡಿ ಅಂಕಿಯದಲ್ಲ, ಪ್ರಶ್ನೆಯದು. ‘ಇಷ್ಟರಲ್ಲಿ ಹಿಡಿದಷ್ಟು ಕೊಡು’ ಎಂಬ ಪ್ರಶ್ನೆ ‘ನಿನ್ನಲ್ಲಿ ಎಷ್ಟಿದೆ?’ ಎಂದು ಬದಲಾಯಿತು.

ಕಡತಗಳ ನಡುವೆ ಬದುಕುವ ನಮಗೆ ಈ ಮೌನದ ಪರಿಚಯ ಚೆನ್ನಾಗಿಯೇ ಇದೆ. ಹೊರನಾಡಿನ ಕನ್ನಡಿಗರು ತಮ್ಮ ಹೆಸರನ್ನು ವಿಸ್ತರಿಸಿ ನಮೂನೆಗಳ ಚೌಕಗಳಲ್ಲಿ ತುಂಬುವಾಗ ಊರಿನ ಹೆಸರು, ತಂದೆಯ ಹೆಸರು ಮೊದಲು ಬಂದು, ಚೌಕ ಮುಗಿಯುವ ಹೊತ್ತಿಗೆ ಉಳಿಯುವುದು ಸ್ವಂತ ಹೆಸರು. ಕತ್ತರಿ ಬೀಳುವುದು ಅದಕ್ಕೇ. ನಮೂನೆ ರಚಿಸಿದವರಲ್ಲಿ ದುರುದ್ದೇಶವಿರುವುದಿಲ್ಲ. ಅವರ ಕಣ್ಣಳತೆಯಲ್ಲಿದ್ದ ಹೆಸರುಗಳು ಚಿಕ್ಕವು, ಅಷ್ಟೆ. ಆದರೆ ಎರಡು ದಾಖಲೆಗಳಲ್ಲಿ ಎರಡು ಹೆಸರಾದ ವೃದ್ಧರ ಪಿಂಚಣಿ ನಿಂತರೆ, ನಾನೇ ನಾನೆಂದು ರುಜುವಾತು ಮಾಡುವ ಹೊರೆ ಅವರ ಮೇಲೆಯೇ ಬೀಳುತ್ತದೆ.

ಜಾಗ ಸಾಲದಿರುವುದು ಅಪರಾಧವಲ್ಲ. ಎಲ್ಲ ಪಾತ್ರೆಗಳಿಗೂ ಅಂಚುಂಟು. ಸಾಲದಿದ್ದಾಗ ‘ಸಾಲದು’ ಎನ್ನಬೇಕು. ಅಪೂರ್ಣ ಪಟ್ಟಿ ತಾನು ಅಪೂರ್ಣವೆಂದು ಹೇಳಿಕೊಂಡರೆ ಯಾರಾದರೂ ಅದನ್ನು ಪೂರ್ಣಗೊಳಿಸಬಲ್ಲರು. ಪೂರ್ಣವೆಂದು ನಟಿಸಿದರೆ ಬಿಟ್ಟುಹೋದವರನ್ನು ಹುಡುಕುವವರೇ ಇರುವುದಿಲ್ಲ.