ಲೈಫ್‌ಟೈಮ್ ಸಿಮ್‌ಗೆ ಎಷ್ಟು ಲೈಫು?

(ಕಂತು 9. ಕ್ಯಾಪ್ಶನ್ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.)

1/5
ನಮ್ಮ ದೇಶದ ಕರಾರು ಕಾಯ್ದೆ 1872ರದ್ದು. ಬಿಕಾಂ ಓದೋರೆಲ್ಲ ಬಿಸಿನೆಸ್ ಲಾ ಪೇಪರ್‌ಗೆ ಅದರ 62ನೇ ಸೆಕ್ಷನ್ ಬಾಯಿಪಾಠ ಮಾಡಿರ್ತೀವಿ: ಹಳೇ ಕರಾರಿನ ಜಾಗಕ್ಕೆ ಹೊಸದು ಬರಬೇಕಾದ್ರೆ ಎರಡೂ ಕಡೆಯವರು ಒಪ್ಪಬೇಕು. ಓದೋಕೆ ಚೆನ್ನಾಗಿದೆ. ಆದ್ರೆ ಫೋನ್ ಕಂಪನಿ ಷರತ್ತು ಬದಲಾಯಿಸಿದಾಗ ನಮ್ಮನ್ನ ಯಾರು ಕೇಳಿದ್ರು? ಮೆಸೇಜ್ ಬಂತು, ಅಷ್ಟೇ. ಒಪ್ಪದವನಿಗೆ ಉಳಿಯೋ ದಾರಿ ಒಂದೇ, ಬಿಟ್ಟು ಹೋಗೋದು. ಆ ದಾರಿ ಹೇಗೆ ತೆರೀತು, ಎಲ್ಲೆಲ್ಲಿ ಮುಚ್ಚೋಕೆ ನೋಡಿದ್ರು ಅನ್ನೋದೇ ಇವತ್ತಿನ ಕಥೆ.

2/5
1995ರ ಜುಲೈ 31. ಕಲ್ಕತ್ತಾದಿಂದ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಸುಖ್ ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದ್ರು. ಆಗ ಬರೋ ಕರೆಗೂ ದುಡ್ಡು ಕಟ್ಟಬೇಕಿತ್ತು. 2003ರ ಮೇ ತಿಂಗಳಲ್ಲಿ ಕರೆ ಮಾಡಿದವನೇ ಹಣ ಕೊಡೋ ಪದ್ಧತಿ ಬಂತು, ಇನ್‌ಕಮಿಂಗ್ ಫ್ರೀ ಆಯ್ತು. ನಮ್ಮ ಮಿಸ್ಡ್ ಕಾಲ್ ಸಂಸ್ಕೃತಿ ಬೆಳೆದದ್ದು ಇಲ್ಲಿಂದ. ಕರೆನ್ಸಿ ಇಲ್ದಿದ್ರೂ ಫೋನ್ ಇರಬಹುದಿತ್ತು. ಗಾರೆ ಕೆಲಸದವರು, ಆಟೋದವರು, ಊರಲ್ಲಿರೋ ಅಜ್ಜಿಯರು, ಎಲ್ಲರಿಗೂ ಒಂದು ನಂಬರ್ ಅಂತ ಆಯ್ತು.

2005ರ ಕೊನೆಗೆ ಲೈಫ್‌ಟೈಮ್ ಪ್ಲಾನ್‌ಗಳು ಬಂದವು. ಒಂದೇ ಸಲ 999 ರೂಪಾಯಿ ಆಸುಪಾಸು ಕಟ್ಟಿಬಿಡಿ, ಇನ್‌ಕಮಿಂಗ್ ಜೀವನಪೂರ್ತಿ. ಆದ್ರೆ ಯಾರ ಜೀವನ? 2006ರ ಮಾರ್ಚ್‌ನಲ್ಲಿ ಟ್ರಾಯ್ ಇದಕ್ಕೆ ಉತ್ತರ ಬರೆಯಿತು: ಕಂಪನಿಗೆ ಸೇವೆ ಕೊಡೋ ಲೈಸೆನ್ಸ್ ಇರೋವರೆಗೆ, ಅದು ನವೀಕರಣ ಆದ್ರೆ ಆಗಲೂ. ಅಂದ್ರೆ ಆಯಸ್ಸು ಗ್ರಾಹಕನದ್ದಲ್ಲ, ಲೈಸೆನ್ಸಿನದ್ದು!

3/5
ಸರಿ, ಷರತ್ತು ಹಿಡಿಸಲಿಲ್ಲ, ಬಿಡ್ತೀನಿ ಅಂದ್ರೆ? ಆಗ ಸಿಮ್ ಜೊತೆ ನಂಬರ್ ಕೂಡ ಹೋಗ್ತಿತ್ತು. ಅಂಗಡಿ ಬೋರ್ಡ್ ಮೇಲೆ ಬರೆಸಿದ ನಂಬರ್, ನೆಂಟರ ಡೈರಿಯಲ್ಲಿರೋ ನಂಬರ್. ಹಾಗಾಗಿ ಬೈಕೊಂಡೇ ಅಲ್ಲೇ ಉಳೀತಿದ್ರು.

ಇದನ್ನ ಬದಲಾಯಿಸಿದ್ದು ಪೋರ್ಟಿಂಗ್. 2010ರ ನವೆಂಬರ್ 25ಕ್ಕೆ ಹರಿಯಾಣದಲ್ಲಿ ಶುರು, 2011ರ ಜನವರಿ 20ಕ್ಕೆ ಕರ್ನಾಟಕವೂ ಸೇರಿ ಇಡೀ ದೇಶಕ್ಕೆ. 1900ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸು, ಬಂದ ಕೋಡ್ ತಗೊಂಡು ಹೊಸ ಕಂಪನಿ ಹತ್ರ ಹೋಗು, ನಂಬರ್ ನಿನ್ನದೇ. ಶುಲ್ಕ ಆಗ 19 ರೂಪಾಯಿ. 2015ರ ಜುಲೈನಿಂದ ರಾಜ್ಯ ದಾಟಿದ್ರೂ ಅದೇ ನಂಬರ್. ನನ್ನ ಮಟ್ಟಿಗೆ 62ನೇ ಸೆಕ್ಷನ್‌ಗಿಂತ ಹೆಚ್ಚು ಕೆಲಸ ಮಾಡಿದ್ದು ಈ ಒಂದು ಎಸ್ಸೆಮ್ಮೆಸ್ಸು.

4/5
2018ರ ಕೊನೆಗೆ ಆಟ ಬದಲಾಯ್ತು. ಏರ್‌ಟೆಲ್, ವೊಡಾಫೋನ್ ಐಡಿಯಾ ಕನಿಷ್ಠ ರೀಚಾರ್ಜ್ ತಂದವು: 35 ರೂಪಾಯಿ, 28 ದಿನ. ಹಾಕಿಸದಿದ್ರೆ ಮೊದಲು ಔಟ್‌ಗೋಯಿಂಗ್, ಆಮೇಲೆ ಇನ್‌ಕಮಿಂಗ್ ಬಂದ್. ಹಳೇ ಲೈಫ್‌ಟೈಮ್ ಸಿಮ್ ಇಟ್ಕೊಂಡವರಿಗೂ ಬಿಸಿ ತಟ್ಟಿತು. ಬ್ಯಾಲೆನ್ಸ್ ಇರೋರ ಸೇವೆ ತಕ್ಷಣ ಕಡಿಯಬೇಡಿ ಅಂತ ಟ್ರಾಯ್ ಹೇಳಬೇಕಾಯ್ತು.

ಇನ್ನೊಂದು ಸೂಕ್ಷ್ಮ ನೋಡಿ. ಪ್ಲಾನ್ ತಗೊಂಡ ಆರು ತಿಂಗಳು ಅದರ ದರ ಏರಿಸೋ ಹಾಗಿಲ್ಲ ಅನ್ನೋ ನಿಯಮ ಮೊದಲಿನಿಂದ ಇದೆ. ಆದ್ರೆ ಪ್ಯಾಕ್ 28 ದಿನದ್ದಾದ್ರೆ? 28ನ್ನ 13ರಿಂದ ಗುಣಿಸಿ, 364. ವರ್ಷಕ್ಕೆ 13 ರೀಚಾರ್ಜ್, 13 ಹೊಸ ಕರಾರು. ಪ್ರತಿ ಸಲ ಹೊಸದೇ ಆದ್ಮೇಲೆ ಹಳೇದನ್ನ ಬದಲಾಯಿಸೋ ಪ್ರಶ್ನೆಯೇ ಬರಲ್ಲ. ರೀಚಾರ್ಜ್ ಮಾಡಿದ್ದೇ ನಮ್ಮ ಒಪ್ಪಿಗೆ. (30 ದಿನದ ಪ್ಲಾನ್ ಒಂದಾದ್ರೂ ಇರಲೇಬೇಕು ಅಂತ ಆದೇಶ ಬಂದದ್ದು 2022ರ ಜನವರಿಯಲ್ಲಿ.)

ಅಷ್ಟರಲ್ಲಿ ಹೊರಗಿನ ಬಾಗಿಲಿಗೂ ಅಗಳಿ ಬಿತ್ತು. ಕೆಲವು ಅಗ್ಗದ ಪ್ಯಾಕ್‌ಗಳಲ್ಲಿ ಎಸ್ಸೆಮ್ಮೆಸ್ಸೇ ಇರ್ತಿರಲಿಲ್ಲ. ಎಸ್ಸೆಮ್ಮೆಸ್ ಇಲ್ಲ ಅಂದ್ರೆ 1900ಕ್ಕೆ ಕಳಿಸೋದು ಹೇಗೆ? ಬಿಟ್ಟು ಹೋಗೋಕೂ ದೊಡ್ಡ ರೀಚಾರ್ಜ್ ಮಾಡಿಸ್ಬೇಕು. ಪ್ಯಾಕ್ ಯಾವುದೇ ಇರಲಿ, ಪೋರ್ಟ್ ಎಸ್ಸೆಮ್ಮೆಸ್ ಹೋಗಲೇಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಟ್ರಾಯ್ ನಿರ್ದೇಶನ ಕೊಟ್ಟಿತು.

5/5
2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಟ್ಟೊಟ್ಟಿಗೆ ದರ ಏರಿಸಿದವು. ಜಿಯೋದ 239ರ ಪ್ಯಾಕ್ 299 ಆಯ್ತು. ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದ್ರು. ಜನ ಕಾಲಲ್ಲೇ ಉತ್ತರ ಕೊಟ್ಟಿದ್ರು. ಆದ್ರೆ ವರ್ಷ ಮುಗಿಯೋದ್ರೊಳಗೆ ಆ ಅಲೆ ಇಳೀತು. ಸಿಗ್ನಲ್ ಇಲ್ದಿರೋ ಕಡೆ ಅಗ್ಗದ ಸಿಮ್ ಇಟ್ಕೊಂಡು ಏನ್ಮಾಡೋದು?

ಪೋರ್ಟಿಂಗ್ ಬಂದಾಗ ಹತ್ತಕ್ಕೂ ಹೆಚ್ಚು ಕಂಪನಿ ಇದ್ವು, ಈಗ ಉಳಿದಿರೋದು ಮುಖ್ಯವಾಗಿ ನಾಲ್ಕು. ಬಾಗಿಲು ತೆರೆದೇ ಇದೆ, ಹೋಗೋಕೆ ಮನೆಗಳೇ ಕಮ್ಮಿ. ಇತ್ತ ಬ್ಯಾಂಕ್ ಓಟಿಪಿ, ಆಧಾರ್, ಗ್ಯಾಸ್ ಬುಕಿಂಗ್, ಎಲ್ಲಾ ಅದೇ ನಂಬರಿಗೆ. 2005ರಲ್ಲಿ ಫೋನ್ ಬಿಟ್ರೆ ಫೋನ್ ಮಾತ್ರ ಹೋಗ್ತಿತ್ತು. ಇವತ್ತು 28 ದಿನ ತಪ್ಪಿದ್ರೆ ಅಜ್ಜಿಯ ಪಿಂಚಣಿ ಬಂತಾ ಅಂತ ಹೇಳೋ ಮೆಸೇಜೂ ನಿಂತು ಹೋಗಬಹುದು.

ನಿಮ್ಮನೇಲಿ ಇನ್ನೂ ಲೈಫ್‌ಟೈಮ್ ಸಿಮ್ ಯಾರ ಹತ್ರ ಇದೆ? ಕಾಮೆಂಟಲ್ಲಿ ಹೇಳಿ. ಮುಂದಿನ ಕಂತು: ಎಸ್‌ಟಿಡಿ ಬೂತು.

#ಕನ್ನಡ #ಇತಿಹಾಸ #ಮಿಸ್ಡ್‌ಕಾಲ್ #ಬಿಕಾಂ