ಎಪ್ಪತ್ತು ವರುಷದ ನೆಲ

ಮನೆಯನ್ನು ಕೊಂಡವನು ಮನೆಯ ಒಡೆಯನೆಂಬುದು ಲೋಕರೂಢಿ. ಆ ಮನೆ ನಿಂತಿರುವ ನೆಲವೂ ಅವನದೇ ಎಂಬುದನ್ನು ನಾವು ವಿಚಾರಿಸದೆಯೇ ಒಪ್ಪಿಬಿಡುತ್ತೇವೆ. ಆದರೆ ಗೋಡೆ ಚಾವಣಿಗಳು ಒಬ್ಬನ ಸ್ವತ್ತೂ ಅವುಗಳ ಅಡಿಯ ನೆಲ ಮತ್ತೊಬ್ಬನ ಸ್ವತ್ತೂ ಆಗಿರಲು ಯಾವ ಅಡ್ಡಿಯೂ ಇಲ್ಲ. ಇಂದಿನ ಚೀನ ದೇಶದ ನಗರಗಳಲ್ಲಿ ಇದೇ ಸಾಮಾನ್ಯ ನಿಯಮವಾಗಿದೆ. ಅಲ್ಲಿ ಮನೆ ಗೃಹಸ್ಥನದು, ನೆಲ ರಾಷ್ಟ್ರದ್ದು. ನೆಲದ ಮೇಲೆ ಗೃಹಸ್ಥನಿಗಿರುವುದು ಅನುಭೋಗದ ಹಕ್ಕು ಮಾತ್ರ. ಅದಕ್ಕೂ ಹೆಚ್ಚೆಂದರೆ ೭೦ ವರುಷಗಳ ವಾಯಿದೆ. ವಾಯಿದೆ ತೀರಿದ ಮರುದಿನ ಆ ಮನೆಯ ಗತಿಯೇನು? ಈ ಪ್ರಶ್ನೆ ಹೇಗೆ ಹುಟ್ಟಿತು, ಉತ್ತರವು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನೆಲದ ಒಡೆತನವನ್ನು ಎರಡು ಪಾಲಾಗಿ ಕಾಣುವುದು ಚೀನೀಯರಿಗೆ ಹೊಸದಲ್ಲ. ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ, ವಿಶೇಷವಾಗಿ ಯಾಂಗ್‌ಟ್ಸಿ ನದಿಯ ಕೆಳಬಯಲಿನಲ್ಲಿಯೂ ಫೂಜಿಯನ್ ಪ್ರಾಂತದಲ್ಲಿಯೂ, ‘ಒಂದು ಹೊಲಕ್ಕೆ ಇಬ್ಬರು ಒಡೆಯರು’ ಎಂಬ ಪದ್ಧತಿ ನಡೆಯುತ್ತಿತ್ತು. ತಳಮಣ್ಣಿನ ಒಡೆಯನು ಸರ್ಕಾರಕ್ಕೆ ಕಂದಾಯ ಕಟ್ಟಿ ಗೇಣಿಯನ್ನು ಪಡೆಯುವನು. ಮೇಲ್ಮಣ್ಣಿನ ಒಡೆಯನು ಗೇಣಿ ಕೊಟ್ಟು ಉಳುವನು, ಬೇಕಾದರೆ ತನ್ನ ಹಕ್ಕನ್ನು ಮಾರುವನು, ಮಕ್ಕಳಿಗೂ ಬಿಡುವನು. ನಮ್ಮ ದಕ್ಷಿಣ ಕನ್ನಡದ ಹಳೆಯ ಮೂಲಗೇಣಿಯನ್ನು ಬಲ್ಲವರಿಗೆ ಇದರ ತಾತ್ಪರ್ಯ ಸುಲಭವಾಗಿ ತಿಳಿದೀತು. ೧೮೪೫ನೆಯ ಇಸವಿಯ ಭೂನಿಬಂಧನೆಗಳ ಮೇರೆಗೆ ಶಾಂಘೈಯಲ್ಲಿ ನೆಲೆಸಿದ ಪರದೇಶೀಯರೂ ಭೂಮಿಯನ್ನು ಕ್ರಯಕ್ಕೆ ಪಡೆಯಲಿಲ್ಲ. ಅವರಿಗೆ ದೊರೆತುದು ‘ಶಾಶ್ವತ ಬಾಡಿಗೆ’. ಈ ಎರಡು ಪದ್ಧತಿಗಳಲ್ಲಿಯೂ ಒಡೆತನ ಹಂಚಿಹೋಗಿದ್ದಿತಾದರೂ ಅನುಭೋಗಿಯ ತಲೆಯ ಮೇಲೆ ವರುಷಗಳ ಎಣಿಕೆಯ ಕತ್ತಿ ತೂಗುತ್ತಿರಲಿಲ್ಲ.

ವರುಷಗಳನ್ನು ಎಣಿಸಿ ನೆಲವನ್ನು ಕೊಡುವ ಮಾದರಿ ನೆರೆಯ ಹಾಂಗ್‌ಕಾಂಗಿನಿಂದ ಬಂದಿತು. ಅಲ್ಲಿ ಬ್ರಿಟಿಷ್ ಸರ್ಕಾರದವರು ಭೂಮಿಯನ್ನು ೭೫, ೯೯, ಕೆಲವೆಡೆ ೯೯೯ ವರುಷಗಳ ಗುತ್ತಿಗೆಗೆ ಕೊಡುತ್ತಿದ್ದರು. ಬ್ರಿಟಿಷರೇ ಹಾಂಗ್‌ಕಾಂಗಿನ ಉತ್ತರದ ‘ಹೊಸ ಪ್ರದೇಶ’ಗಳನ್ನು ೧೮೯೮ನೆಯ ಜುಲೈ ೧ರಿಂದ ೯೯ ವರುಷಗಳಿಗೆ ಚೀನದಿಂದ ಗುತ್ತಿಗೆಗೆ ಪಡೆದವರು. ಆ ವಾಯಿದೆ ತೀರಿ ೧೯೯೭ರಲ್ಲಿ ಇಡಿಯ ಹಾಂಗ್‌ಕಾಂಗ್ ಚೀನಕ್ಕೆ ಮರಳಿತು. ಗುತ್ತಿಗೆಯ ಕೊನೆಯ ದಿನವೆಂಬುದು ಬರಿಯ ಕಾಗದದ ಮಾತಲ್ಲವೆಂಬುದನ್ನು ಚೀನೀಯರಿಗಿಂತ ಚೆನ್ನಾಗಿ ಅರಿತವರು ವಿರಳ.

೧೯೪೯ರಲ್ಲಿ ಜನತಾ ಗಣರಾಜ್ಯ ಸ್ಥಾಪನೆಯಾದ ಕೂಡಲೆ ನಗರಗಳ ಖಾಸಗಿ ಮನೆ ನಿವೇಶನಗಳೆಲ್ಲ ಸರ್ಕಾರಕ್ಕೆ ಸೇರಿಹೋಗಲಿಲ್ಲ. ೧೯೫೪ರ ಸಂವಿಧಾನವು ಮನೆಯ ಮೇಲೆ ಪ್ರಜೆಗಿರುವ ಒಡೆತನವನ್ನು ಮನ್ನಿಸಿತ್ತು. ೧೯೫೬ರಿಂದ ಬಾಡಿಗೆಯ ಮನೆಗಳನ್ನು ಸರ್ಕಾರವು ತನ್ನ ಆಡಳಿತಕ್ಕೆ ತೆಗೆದುಕೊಳ್ಳುತ್ತ ಬಂದಿತು. ಪಟ್ಟಣಿಗರಲ್ಲಿ ಹೆಚ್ಚಿನವರು ಕ್ರಮೇಣ ತಾವು ದುಡಿಯುವ ಕಾರ್ಖಾನೆ ಕಚೇರಿಗಳು ಹಂಚಿಕೊಟ್ಟ ಕೊಠಡಿಗಳಲ್ಲಿ ಅತ್ಯಲ್ಪ ಬಾಡಿಗೆಗೆ ವಾಸಿಸತೊಡಗಿದರು. ಕಡೆಗೆ ೧೯೮೨ರ ಸಂವಿಧಾನದ ೧೦ನೆಯ ವಿಧಿಯು ನಗರಗಳ ಭೂಮಿ ರಾಷ್ಟ್ರದ್ದೆಂದು ಸಾರಿತು. ಭೂಮಿಯನ್ನು ಕೊಳ್ಳುವುದು, ಮಾರುವುದು, ಗುತ್ತಿಗೆಗೆ ಕೊಡುವುದು ಯಾರಿಗೂ ಸಲ್ಲದೆಂದೂ ಅದೇ ವಿಧಿ ನಿಷೇಧಿಸಿತು.

ಈ ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ. ೧೯೮೦ರಲ್ಲಿ ಹಾಂಗ್‌ಕಾಂಗಿನ ಗಡಿಯಲ್ಲಿ ವಿಶೇಷ ಆರ್ಥಿಕ ವಲಯವಾಗಿ ಹುಟ್ಟಿದ ಶೆನ್‌ಜೆನ್ ನಗರಕ್ಕೆ ರಸ್ತೆ, ನೀರು, ವಿದ್ಯುತ್ತುಗಳಿಗಾಗಿ ಹಣ ಬೇಕಾಗಿತ್ತು, ಕೈಯಲ್ಲಿದ್ದುದು ನೆಲವೊಂದೇ. ಒಡೆತನವನ್ನು ತನ್ನಲ್ಲಿಯೇ ಇಟ್ಟುಕೊಂಡು ಅನುಭೋಗವನ್ನಷ್ಟೇ ಮಾರುವ ಉಪಾಯವನ್ನು ಆ ನಗರ ಹಿಡಿಯಿತು. ೧೯೮೭ನೆಯ ಡಿಸೆಂಬರ್ ೧ರಂದು ೮,೫೮೮ ಚದರ ಮೀಟರ್ ನೆಲದ ೫೦ ವರುಷಗಳ ಹಕ್ಕನ್ನು ಬಹಿರಂಗವಾಗಿ ಹರಾಜು ಹಾಕಲಾಯಿತು. ೨೦ ಲಕ್ಷ ಯುವಾನಿನಿಂದ ಮೊದಲಾದ ಸವಾಲು ೫೨ ಲಕ್ಷ ೫೦ ಸಾವಿರಕ್ಕೆ ಮುಗಿಯಿತು. ಅಂದು ಸಂವಿಧಾನದ ನಿಷೇಧ ಇನ್ನೂ ಅಳಿದಿರಲಿಲ್ಲ. ನಾಲ್ಕು ತಿಂಗಳ ತರುವಾಯ, ೧೯೮೮ರ ಏಪ್ರಿಲಿನಲ್ಲಿ, ಭೂಮಿಯ ಅನುಭೋಗದ ಹಕ್ಕನ್ನು ಕಾನೂನಿನ ಮೇರೆಗೆ ಹಸ್ತಾಂತರಿಸಬಹುದೆಂದು ಸಂವಿಧಾನವನ್ನೇ ತಿದ್ದಲಾಯಿತು. ಆಚಾರ ಮುಂದೆ ನಡೆದು ಶಾಸನ ಹಿಂದೆ ಬಂದಿತು. ಈ ಕಥೆಯಲ್ಲಿ ಇದು ಮುಂದೆಯೂ ಮರುಕಳಿಸುವುದನ್ನು ಕಾಣುವೆವು.

೧೯೯೦ನೆಯ ಮೇ ತಿಂಗಳಲ್ಲಿ ರಾಜ್ಯ ಪರಿಷತ್ತು ಹೊರಡಿಸಿದ ನಿಬಂಧನೆಗಳು ವಾಯಿದೆಗಳನ್ನು ಗೊತ್ತುಮಾಡಿದವು: ವಾಸದ ನೆಲಕ್ಕೆ ೭೦ ವರುಷ, ಕೈಗಾರಿಕೆಗೆ ೫೦, ವ್ಯಾಪಾರ ವಿನೋದಗಳಿಗೆ ೪೦. ಇವು ಮೀರಲಾಗದ ಮಿತಿಗಳೇ ಹೊರತು ಪ್ರತಿಯೊಬ್ಬನಿಗೂ ದೊರೆಯುವ ಖಾತ್ರಿಯಲ್ಲ. ವಾಯಿದೆ ತೀರಿದೊಡನೆ ನೆಲದ ಹಕ್ಕೂ ಅದರ ಮೇಲಿನ ಕಟ್ಟಡವೂ ಪರಿಹಾರವಿಲ್ಲದೆ ರಾಷ್ಟ್ರಕ್ಕೆ ಸೇರತಕ್ಕದ್ದೆಂದು ಆ ನಿಬಂಧನೆಗಳು ಸ್ಪಷ್ಟವಾಗಿ ವಿಧಿಸಿದವು. ಮುಂದುವರಿಸಬೇಕೆನ್ನುವವನು ಅರ್ಜಿ ಹಾಕಿ, ಹೊಸ ಕರಾರು ಬರೆದು, ಹೊಸದಾಗಿ ಹಣ ತೆರಬೇಕು. ೧೯೯೪ರ ನಗರ ಸ್ಥಿರಾಸ್ತಿ ಕಾಯಿದೆ ಸ್ವಲ್ಪ ಮೃದುವಾಯಿತು. ಒಂದು ವರುಷ ಮುಂಚಿತವಾಗಿ ಅರ್ಜಿ ಬಂದರೆ, ಸಾರ್ವಜನಿಕ ಹಿತಕ್ಕಾಗಿ ನೆಲ ಬೇಕಾದ ಹೊರತು, ಸರ್ಕಾರ ಒಪ್ಪತಕ್ಕದ್ದು ಎಂದಿತು. ಹಣ ಮಾತ್ರ ತಪ್ಪಲಿಲ್ಲ.

ಆಗ ಈ ಮಾತುಗಳು ಕಟ್ಟಡದ ಕಂಪೆನಿಗಳ ಕಿವಿಗಷ್ಟೇ ಬಿದ್ದವು. ಆದರೆ ೧೯೯೮ರಲ್ಲಿ ಸರ್ಕಾರವು ಮನೆಗಳನ್ನು ಹಂಚಿಕೊಡುವ ಹಳೆಯ ಪದ್ಧತಿಯನ್ನು ನಿಲ್ಲಿಸಿತು. ಕೋಟ್ಯಂತರ ಕುಟುಂಬಗಳು ತಾವಿದ್ದ ಮನೆಯನ್ನೋ ಹೊಸದಾಗಿ ಎದ್ದ ಮಹಡಿಯ ವಸತಿಯನ್ನೋ ಕ್ರಯಕ್ಕೆ ಕೊಂಡವು. ತಂದೆ ತಾಯಿಗಳ ಉಳಿತಾಯ, ದಂಪತಿಗಳ ಸಂಬಳ, ಸಾಲದ ಕಂತು, ಇವೆಲ್ಲ ಕೂಡಿ ಒಂದು ಮನೆಯಾಯಿತು. ಚೀನೀ ಕುಟುಂಬದ ಆಸ್ತಿಯಲ್ಲಿ ಮನೆಯೇ ದೊಡ್ಡ ಪಾಲಾಯಿತು. ವಾಯಿದೆಯ ಎಣಿಕೆಯಾದರೋ ಮನೆಯನ್ನು ಕೊಂಡ ದಿನದಿಂದಲ್ಲ, ಕಂಪೆನಿಗೆ ನೆಲ ದೊರೆತ ದಿನದಿಂದ. ಗೃಹಪ್ರವೇಶದ ದಿನವೇ ಎಪ್ಪತ್ತರಲ್ಲಿ ಕೆಲವು ವರುಷಗಳು ಕಳೆದುಹೋಗಿರುತ್ತಿದ್ದವು.

ಹೀಗಿರಲು ೨೦೦೭ರ ಆಸ್ತಿ ಹಕ್ಕುಗಳ ಕಾಯಿದೆಯ ೧೪೯ನೆಯ ವಿಧಿಯು ದೊಡ್ಡದೊಂದು ಹೆಜ್ಜೆಯನ್ನಿಟ್ಟಿತು: ವಾಸದ ನೆಲದ ಹಕ್ಕು ವಾಯಿದೆ ತೀರಿದಾಗ ತಾನಾಗಿಯೇ ಮುಂದುವರಿಯತಕ್ಕದ್ದು. ಕಟ್ಟಡವು ಸರ್ಕಾರದ ವಶವಾಗುವ ಭಯ ಇದರಿಂದ ದೂರವಾಯಿತು. ಆದರೆ ಎಷ್ಟು ಕಾಲ ಮುಂದುವರಿಕೆ, ಅದಕ್ಕೆ ಹಣ ಕೊಡಬೇಕೆ, ಕೊಡಬೇಕಾದರೆ ಎಷ್ಟು ಎಂಬುದನ್ನು ಕಾಯಿದೆ ಹೇಳಲಿಲ್ಲ.

ಆ ಮೌನದ ಬೆಲೆಯನ್ನು ೨೦೧೬ರಲ್ಲಿ ಜೆಜಿಯಾಂಗ್ ಪ್ರಾಂತದ ವೆನ್‌ಜೌ ನಗರ ಕಂಡಿತು. ೧೯೯೦ರ ದಶಕದ ಆರಂಭದಲ್ಲಿ ಅಲ್ಲಿ ೨೦ರಿಂದ ೭೦ ವರುಷಗಳವರೆಗೆ ಬೇರೆಬೇರೆ ವಾಯಿದೆಗಳಿಗೆ ನೆಲವನ್ನು ಕೊಟ್ಟಿದ್ದರು. ಕಡಮೆ ವಾಯಿದೆಗೆ ಕಡಮೆ ಹಣ. ಇಪ್ಪತ್ತು ವರುಷದವು ತೀರತೊಡಗಿದಾಗ ಆ ಮನೆಗಳ ಕ್ರಯ ವಿಕ್ರಯಗಳು ತಡೆದು ನಿಂತವು. ಮುಂದುವರಿಕೆಗೆ ಮನೆಯ ಬೆಲೆಯ ಮೂರರಲ್ಲೊಂದು ಪಾಲಿನಷ್ಟು ತೆರಬೇಕಾದೀತೆಂಬ ಸುದ್ದಿ ಹಬ್ಬಿ ದೇಶಾದ್ಯಂತ ಕಳವಳವೆದ್ದಿತು. ಈ ಭೀತಿಗೆ ಪೂರ್ವನಿದರ್ಶನವೂ ಇತ್ತು. ವಾಯಿದೆ ತೀರಿದ ಹಳೆಯ ನಿವೇಶನಗಳಿಗೆ ನಿಗದಿಯಾದ ಮೂಲದರದ ನೂರಕ್ಕೆ ೩೫ರಷ್ಟನ್ನು ಕಟ್ಟಬೇಕೆಂದು ಶೆನ್‌ಜೆನ್ ೨೦೦೪ರಲ್ಲಿಯೇ ನಿಯಮ ಮಾಡಿದ್ದಿತು.

ಆ ವರುಷದ ಡಿಸೆಂಬರಿನಲ್ಲಿ ಭೂಸಂಪನ್ಮೂಲ ಸಚಿವಾಲಯದವರು ವೆನ್‌ಜೌ ಮನೆಗಳ ಬಗೆಗೆ ತಮ್ಮ ಉತ್ತರವನ್ನು ಪ್ರಕಟಿಸಿದರು. ಅರ್ಜಿ ಬೇಕಿಲ್ಲ, ಹಣ ವಸೂಲಿಲ್ಲ, ಕ್ರಯ ಮತ್ತು ನೋಂದಣಿ ಎಂದಿನಂತೆ ನಡೆಯಲಿ ಎಂಬುದು ಅದರ ಸಾರ. ಇದು ಸ್ಪಷ್ಟ ಕಾಯಿದೆ ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆಯೇ ಆಗಿತ್ತು. ೨೦೧೭ರ ಮಾರ್ಚಿಯಲ್ಲಿ ಅಂದಿನ ಪ್ರಧಾನಿ ಲೀ ಕೆಚಿಯಾಂಗರು, ಎಪ್ಪತ್ತು ವರುಷ ತೀರಿದ ಮೇಲೂ ಹಕ್ಕು ಮುಂದುವರಿಯುವುದೆಂದೂ ಅರ್ಜಿಯಾಗಲಿ ಪೂರ್ವಷರತ್ತಾಗಲಿ ಇರದೆಂದೂ ಅಭಯವಿತ್ತರು. ೨೦೨೧ನೆಯ ಜನವರಿ ೧ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯ ೩೫೯ನೆಯ ವಿಧಿಯೂ ಮುಂದುವರಿಕೆಯನ್ನು ದೃಢಪಡಿಸಿತು. ಶುಲ್ಕದ ಪಾವತಿ ಅಥವಾ ರಿಯಾಯಿತಿಯನ್ನು ಮಾತ್ರ ಬೇರೆ ಕಾನೂನು ನಿಬಂಧನೆಗಳಿಗೆ ಬಿಟ್ಟಿತು. ಹೀಗೆ ಪ್ರತಿಯೊಂದು ಕಾಯಿದೆಯೂ ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು, ಹಣದ ಮಾತಿನ ಹೊಸ್ತಿಲಲ್ಲಿ ನಿಂತುಬಿಟ್ಟಿದೆ.

ನಿಂತುದಕ್ಕೆ ಕಾರಣವಿಲ್ಲದಿಲ್ಲ. ೧೯೯೪ರ ತೆರಿಗೆ ಸುಧಾರಣೆಯು ವರಮಾನದ ಹೆಚ್ಚಿನ ಭಾಗವನ್ನು ಕೇಂದ್ರಕ್ಕೆ ಎಳೆದುಕೊಂಡಿತು. ನಗರಾಡಳಿತಗಳು ನೆಲದ ಹಕ್ಕನ್ನು ಮಾರಿದ ಹಣದಿಂದಲೇ ರಸ್ತೆ, ರೈಲು, ಶಾಲೆಗಳನ್ನು ಕಟ್ಟಬೇಕಾಯಿತು. ೨೦೨೧ರಲ್ಲಿ ಈ ಮೂಲದ ಹುಟ್ಟುವಳಿ ಸುಮಾರು ೮.೭ ಲಕ್ಷ ಕೋಟಿ ಯುವಾನಿಗೇರಿ ಆಮೇಲಿನ ವರುಷಗಳಲ್ಲಿ ಇಳಿಮುಖವಾಯಿತು. ಮಾರಲು ಹೊಸ ನೆಲ ಕಡಮೆಯಾದಂತೆ ಹಳೆಯ ನೆಲದಿಂದ ಬರಬಹುದಾದ ಶುಲ್ಕವನ್ನು ಶಾಶ್ವತವಾಗಿ ಬಿಟ್ಟುಕೊಡುವುದು ಆಡಳಿತಕ್ಕೆ ಕಷ್ಟ. ಇತ್ತ ದೊಡ್ಡ ಮೊತ್ತವನ್ನು ಗೊತ್ತುಮಾಡಿದರೆ ಕುಟುಂಬದ ಉಳಿತಾಯಕ್ಕೇ ಪೆಟ್ಟು.

ಎರಡಕ್ಕೂ ನಡುವೆ ದಾರಿಯಿಲ್ಲವೆನ್ನುವಂತಿಲ್ಲ. ಹಾಂಗ್‌ಕಾಂಗಿನಲ್ಲಿ ೧೯೯೭ರ ತರುವಾಯ ತೀರುವ ಸಾಮಾನ್ಯ ಗುತ್ತಿಗೆಗಳನ್ನು ಹೆಚ್ಚುವರಿ ಕಾಣಿಕೆಯಿಲ್ಲದೆ ೫೦ ವರುಷ ಮುಂದುವರಿಸಿ, ಸ್ವತ್ತಿನ ತೆರಿಗೆಮೌಲ್ಯದ ನೂರಕ್ಕೆ ೩ರಂತೆ ವಾರ್ಷಿಕ ಬಾಡಿಗೆಯನ್ನು ಪಡೆಯುವ ನೀತಿಯಿದೆ. ೨೦೨೪ರಲ್ಲಿ ಅದಕ್ಕೆ ಕಾಯಿದೆಯ ಆಧಾರವೂ ದೊರೆಯಿತು. ಒಮ್ಮೆಗೇ ಎರಗುವ ದೊಡ್ಡ ಮೊತ್ತಕ್ಕಿಂತ ವರುಷವರುಷವೂ ತಿಳಿದು ತೆರುವ ಸಣ್ಣ ಮೊತ್ತವನ್ನು ಗೃಹಸ್ಥನು ಸಹಿಸಬಲ್ಲನು. ಹಳೆಯ ಮೇಲ್ಮಣ್ಣಿನ ಒಡೆಯನ ನೆಮ್ಮದಿಯ ಗುಟ್ಟೂ ಇದೇ ಆಗಿತ್ತು: ಗೇಣಿ ಗೊತ್ತಿತ್ತು, ವಾಯಿದೆ ಇರಲಿಲ್ಲ.

೧೯೯೦ರಲ್ಲಿ ಎಪ್ಪತ್ತು ವರುಷಕ್ಕೆ ಕೊಟ್ಟ ನೆಲದ ವಾಯಿದೆ ೨೦೬೦ರಲ್ಲಿ ತೀರುವುದು. ಅದು ದೂರವೆನ್ನುವವರು, ಇಂದು ಮನೆ ಕೊಳ್ಳುವ ದಂಪತಿಗಳ ಮಗುವಿಗೆ ಅಂದು ನಡುವಯಸ್ಸೆಂಬುದನ್ನು ನೆನೆಯಬೇಕು. ನಗರವು ಮಾರಿದುದು ಕಾಲವನ್ನು. ಜನರು ಕೊಂಡುದು ಮನೆಯನ್ನು. ಜನರ ಎಣಿಕೆಯೇ ನ್ಯಾಯವೆಂದು ಕಾಯಿದೆ ೨೦೦೭ರಲ್ಲಿಯೇ ಒಪ್ಪಿಕೊಂಡಿದೆ. ಬೆಲೆಯನ್ನು ಹೇಳದೆ ಕೊಟ್ಟ ಆ ಅಭಯವು, ಬೆಲೆಯನ್ನು ಬಾಯಿಬಿಟ್ಟು ಹೇಳಿದಂದೇ ಪೂರ್ಣವಾದೀತು.