ಸಮಾಸದ ವಿಗ್ರಹ, ಒತ್ತಿನ ನೆಲೆ

ಇಂಗ್ಲಿಷಿನ ‘ಸ್ಟೂಡೆಂಟ್ ಫಿಲ್ಮ್ ಸೊಸೈಟಿ’ ಎಂಬ ಸಮಾಸವನ್ನು ಎರಡು ಬಗೆಯಲ್ಲಿ ವಿಗ್ರಹಿಸಬಹುದು. ವಿದ್ಯಾರ್ಥಿಗಳು ನಡೆಸುವ ಫಿಲ್ಮ್ ಸೊಸೈಟಿ ಎಂಬುದು ಒಂದು. ವಿದ್ಯಾರ್ಥಿಗಳು ತೆಗೆದ ಚಿತ್ರಗಳಿಗಾಗಿಯೇ ಇರುವ ಸೊಸೈಟಿ ಎಂಬುದು ಇನ್ನೊಂದು. ಬರಹದಲ್ಲಿ ಎರಡಕ್ಕೂ ಭೇದವಿಲ್ಲ, ಉಚ್ಚಾರದಲ್ಲಿ ಇದೆ. ಮೊದಲ ಅರ್ಥದಲ್ಲಿ ಪ್ರಧಾನ ಒತ್ತು ‘ಫಿಲ್ಮ್’ ಮೇಲೆ, ಎರಡನೆಯದರಲ್ಲಿ ‘ಸ್ಟೂ’ ಮೇಲೆ.

ಎರಡು ಪದಗಳ ಸಮಾಸದಲ್ಲಿ ಒತ್ತು ಪೂರ್ವಪದಕ್ಕೆ ಸಲ್ಲುತ್ತದೆ ಎಂಬ ಸೂತ್ರವನ್ನು ಚಾಮ್‌ಸ್ಕಿ ಮತ್ತು ಹಾಲೆ 1968ರಲ್ಲಿ ಬಳಸಿದರು. 1977ರಲ್ಲಿ ಲಿಬರ್ಮನ್ ಮತ್ತು ಪ್ರಿನ್ಸ್ ಅದನ್ನು ಉದ್ದ ಸಮಾಸಗಳಿಗೂ ಹೊಂದುವಂತೆ ತಿದ್ದಿದರು: ಉತ್ತರಪದವೇ ಒಂದು ಸಮಾಸವಾಗಿದ್ದರೆ ಮಾತ್ರ ಬಲ ಅದರ ಪಾಲಿಗೆ. ‘ಫಿಲ್ಮ್ ಸೊಸೈಟಿ’ ಉತ್ತರಪದವಾದಾಗ ಬಲ ಅತ್ತ ಸರಿದು, ಅದರೊಳಗಿನ ಪೂರ್ವಪದವಾದ ‘ಫಿಲ್ಮ್’ನಲ್ಲಿ ನಿಲ್ಲುತ್ತದೆ. ನಮ್ಮ ವೈಯಾಕರಣರು ವಿಗ್ರಹವಾಕ್ಯದಿಂದ ಬಿಡಿಸಿ ತೋರಿಸುವುದನ್ನು ಇಲ್ಲಿ ದನಿಯೇ ತೋರಿಸುತ್ತದೆ. ಈ ಸಂಗತಿಗೆ ಕನ್ನಡದ ಅಭ್ಯಾಸಿಗಳು ಇನ್ನೂ ಹೆಚ್ಚು ಗಮನ ಕೊಡಬೇಕೆಂದು ನನಗನ್ನಿಸುತ್ತದೆ.

ಒತ್ತು ಎಲ್ಲಿಗೆ ಸರಿದರೂ ಉಚ್ಚಾರಾಂಶಗಳ ವಿಭಜನೆ ಕದಲುವುದಿಲ್ಲ. ಇಂಗ್ಲಿಷರ ಬಾಯಲ್ಲಿ ‘ಸ್ಟೂಡೆಂಟ್’ಗೆ ಎರಡು, ‘ಫಿಲ್ಮ್’ಗೆ ಒಂದು, ‘ಸ-ಸೈ-ಅ-ಟಿ’ ಎಂದು ನಾಲ್ಕು, ಒಟ್ಟು ಏಳು. ಕನ್ನಡಿಗರು ‘ಫಿಲಂ’ ಎಂದು ಲಕಾರ ಮಕಾರಗಳ ನಡುವೆ ಸ್ವರ ತಂದು ಎರಡು ಮಾಡುತ್ತೇವೆ, ‘ಸೊಸೈಟಿ’ಯನ್ನು ಮೂರಕ್ಕೆ ಇಳಿಸುತ್ತೇವೆ. ಮೊತ್ತ ಆಗಲೂ ಏಳೇ. ಆದ್ದರಿಂದ ಬರಿಯ ಎಣಿಕೆಯನ್ನು ನಂಬಿ ಎರಡು ಉಚ್ಚಾರಗಳನ್ನು ಹೋಲಿಸಲಾಗದು.

ಹೆಚ್ಚಿನ ತೊಡಕು ಇರುವುದು ತೂಕದಲ್ಲಿ. ಕನ್ನಡ ಛಂದಸ್ಸಿನ ಲೆಕ್ಕದಲ್ಲಿ ‘ಸ್ಟೂ’, ‘ಡೆಂಟ್’ ಎರಡೂ ಗುರುಗಳು. ಇಂಗ್ಲಿಷಿನಲ್ಲಾದರೋ ಎರಡನೆಯದರ ಸ್ವರ ಸವೆದು, ಕೇಳಿಯೂ ಕೇಳದಂತಾಗುತ್ತದೆ. ‘ಸೊಸೈಟಿ’ಯಲ್ಲಿ ನಮ್ಮ ಗುರುವೂ ಅವರ ಒತ್ತೂ ‘ಸೈ’ ಮೇಲೆಯೇ ಕೂಡುವುದರಿಂದ ಅಲ್ಲಿ ತೊಂದರೆ ಕಾಣದು. ಗುರು-ಲಘುಗಳಿಗೆ ಪಳಗಿದ ಕಿವಿ ‘ಸ್ಟೂಡೆಂಟ್’ನ ಎರಡು ಗುರುಗಳಿಗೂ ಸಮನಾದ ತೂಕ ಕೊಟ್ಟಾಗ, ಸಮಾಸದ ವಿಗ್ರಹವನ್ನು ಸೂಚಿಸುವ ಏರಿಳಿತ ಮಸುಕಾಗುತ್ತದೆ. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಉಚ್ಚಾರ ಕೊಡುವ ನಿಘಂಟುಗಳು ಒತ್ತಿಗೊಂದು ಗುರುತು ಇಡಬೇಕಾದದ್ದು ಇದಕ್ಕಾಗಿ.

1977ರ ಸೂತ್ರಕ್ಕೆ ಅಪವಾದಗಳು ಸಾಕಷ್ಟಿವೆ. ಕೋಸ್ಲಿಂಗ್ ಮತ್ತು ಪ್ಲಾಗ್ 2009ರಲ್ಲಿ ರೇಡಿಯೋ ವಾರ್ತೆಗಳ ಧ್ವನಿಮುದ್ರಣಗಳಿಂದ ಮೂರು ಪದಗಳ ಸಮಾಸಗಳನ್ನು ಆಯ್ದು ಪರೀಕ್ಷಿಸಿದಾಗ, ಎರಡೂ ಬಗೆಯ ರಚನೆಗಳಲ್ಲಿ ಸೂತ್ರ ಮುರಿಯುವುದು ಕಂಡುಬಂತು. ಎರಡೇ ಪದಗಳ ಸಮಾಸದಲ್ಲೂ ಉತ್ತರಪದ ಯಾವುದು ಎಂಬುದು ಮುಖ್ಯವಾಗುತ್ತದೆ: ‘ಮ್ಯಾಡಿಸನ್ ಸ್ಟ್ರೀಟ್’ನಲ್ಲಿ ಒತ್ತು ‘ಮ್ಯಾಡಿಸನ್’ ಮೇಲಿದ್ದರೆ, ‘ಮ್ಯಾಡಿಸನ್ ಅವೆನ್ಯೂ’ದಲ್ಲಿ ಅದು ‘ಅವೆನ್ಯೂ’ಗೆ ದಾಟುತ್ತದೆ.